ಕೂಸಿನ ಕಣ್ಣಿನ ಪೊರೆ ಯಾರ ಕರ್ಮವೂ ಅಲ್ಲ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)

 

ಮೋತಿಬಿಂದು ಎಂದರೆ ಮುಪ್ಪಿನ ರೋಗ ಎಂದೇ ನಾವು ತಿಳಿದಿದ್ದೇವೆ. ಹುಟ್ಟಿದ ಕೂಸಿಗೂ ಅದು ಬರುತ್ತದೆ. ಪಾಪೆಯ ಹಿಂದಿನ ಮಸೂರ ತಿಳಿಯಾಗಿರಬೇಕು. ಅದು ಮಬ್ಬಾದರೆ ಪಾಪೆ ಬೆಳ್ಳಗೆ ಕಾಣುತ್ತದೆ. ಆಗ ಮನೆಯಲ್ಲಿ ಏಳುವ ಮಾತು ನಿಮಗೆ ಗೊತ್ತೇ ಇದೆ. ಹಿಂದಿನ ಜನ್ಮದ ಪಾಪ ಎನ್ನುತ್ತಾರೆ, ಬಸುರಿ ಗ್ರಹಣ ನೋಡಿದಳು ಎನ್ನುತ್ತಾರೆ. ದೂರೆಲ್ಲ ತಾಯಿಯ ತಲೆಗೆ.

1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಅವರು ಪೊರೆಯೊಂದಿಗೆ ಹುಟ್ಟಿದ 78 ಕೂಸುಗಳ ವಿವರ ಕಲೆಹಾಕಿದರು. ಹೆಚ್ಚಿನ ತಾಯಂದಿರಿಗೆ ಬಸುರಿನ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಜ್ವರ ಬಂದಿತ್ತು. ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಕೆಂಪು ಗುಳ್ಳೆ, ಅಷ್ಟೇ. ತಾಯಿಗೆ ಮರೆತೇ ಹೋಗುವಂಥದ್ದು. ಆದರೆ ಆ ವೈರಾಣು ಗರ್ಭದ ಕೂಸಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸುತ್ತದೆ. ಇದನ್ನು ತಡೆಯಲು ದಡಾರ-ರುಬೆಲ್ಲಾ ಲಸಿಕೆ ಇದೆ. ಕರ್ನಾಟಕದಲ್ಲಿ 2017ರಲ್ಲಿ ಇದರ ಅಭಿಯಾನ ನಡೆಯಿತು, ಈಗ ಕೂಸುಗಳಿಗೆ ಉಚಿತವಾಗಿ ಹಾಕುತ್ತಾರೆ. ಬಸುರಿಯರಿಗೆ ಮಾತ್ರ ಹಾಕುವುದಿಲ್ಲ. ಅದಕ್ಕೂ ಮುಂಚೆಯೇ ಆಗಿರಬೇಕು.

ರುಬೆಲ್ಲಾ ಒಂದೇ ಕಾರಣವಲ್ಲ. ಕೆಲವು ಮನೆತನಗಳಲ್ಲಿ ವಂಶವಾಹಿಯಿಂದ ಬರುತ್ತದೆ. ಕೆಲವು ಕೂಸುಗಳಿಗೆ ಹಾಲಿನ ಸಕ್ಕರೆ ಅರಗದೆ ಬರುತ್ತದೆ. ದೊಡ್ಡ ಮಕ್ಕಳಿಗೆ ಚಿನ್ನಿದಾಂಡಿನ ಏಟು ಸಾಕು. ತರುಣರಲ್ಲಿ ಸಕ್ಕರೆ ಕಾಯಿಲೆ ಒಂದು ಕಾರಣ. ಕಣ್ಣು ತುರಿಸಿದಾಗಲೆಲ್ಲ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಾಕುವ ಸ್ಟೀರಾಯ್ಡ್ ಹನಿ ಇನ್ನೊಂದು.

ಎಲ್ಲಕ್ಕಿಂತ ನನಗೆ ಕಳವಳ ತಡದ್ದು. ಕಾಣುವುದನ್ನು ಕೂಸಿನ ಮಿದುಳು ಮೊದಲ ತಿಂಗಳುಗಳಲ್ಲೇ ಕಲಿಯುತ್ತದೆ. ಹುಟ್ಟಿನಿಂದಲೇ ದಟ್ಟ ಪೊರೆಯಿದ್ದರೆ ಆರೆಂಟು ವಾರದೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು. ಬಹಳ ತಡವಾದರೆ ಪೊರೆ ತೆಗೆದರೂ ನೋಟ ಪೂರ್ತಿ ಬರುವುದಿಲ್ಲ. ನಾವೋ, ಬಾಣಂತಿ ಹೊಸ್ತಿಲು ದಾಟಬಾರದು ಎಂದು ಕೂಸನ್ನು ಕತ್ತಲ ಕೋಣೆಯಲ್ಲಿ ಇಟ್ಟುಕೊಂಡು ಕೂರುತ್ತೇವೆ. ಜನನ ಸೂತಕ ಸೇರಿ ಪಂಚಸೂತಕಗಳನ್ನೂ ಶರಣರು ಕಿತ್ತೊಗೆದು ಎಂಟು ನೂರು ವರ್ಷಗಳ ಮೇಲಾಯಿತು. ಕೊರಳಲ್ಲಿ ಇಷ್ಟಲಿಂಗ, ಮನೆಯಲ್ಲಿ ಸೂತಕ!

ಅಜ್ಜಿಯರೇ, ಕೂಸಿಗೆ ಎರೆಯುವವರು ನೀವು, ಮೊದಲು ಕಾಣುವುದೂ ನಿಮಗೇ. ಪಾಪೆ ಬೆಳ್ಳಗಿದೆಯೇ, ಎರಡು-ಮೂರು ತಿಂಗಳಾದರೂ ಕೂಸು ನಿಮ್ಮ ಮುಖ ನೋಡುತ್ತಿಲ್ಲವೇ, ಗಮನಿಸಿ. ಬಿಳಿ ಪಾಪೆ ಕಣ್ಣಿನೊಳಗಿನ ಗಡ್ಡೆಯ ಗುರುತೂ ಆಗಿರಬಹುದು. ಕಂಡ ದಿನವೇ ಆಶಾ ಕಾರ್ಯಕರ್ತೆಗೆ ಹೇಳಿ, ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಿರಿ. ಕಾಡಿಗೆ, ಎಣ್ಣೆ, ಎಲೆಯ ರಸ ಏನನ್ನೂ ಆ ಕಣ್ಣಿಗೆ ಹಾಕಬೇಡಿ.