ಕದ್ದು ಕೇಳುವವರಿಗೂ ಲೆಕ್ಕದ ಪುಸ್ತಕ ಬೇಕು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿಯ ಬರಹ ರೂಪ)



ನಮ್ಮ ಸಭೆಗಳಲ್ಲಿ ಉಳಿತಾಯ, ಸಾಲ ಮರುಪಾವತಿ, ಹೈನುಗಾರಿಕೆ, ಮಕ್ಕಳ ಆರೋಗ್ಯ ಇಂಥ ವಿಷಯಗಳನ್ನು ಮಾತಾಡುತ್ತೇವೆ. ಇವತ್ತಿನ ವಿಷಯ ಬೇರೆ. ಪ್ರಶ್ನೆ ಮಾಡುವ ಜನರ ಮೇಲೆ ಸರ್ಕಾರ ಕಣ್ಣಿಡುವುದು, ಅವರ ಫೋನ್ ಕದ್ದು ಕೇಳುವುದು, ಇದಕ್ಕೆ ಕಾನೂನಿನಲ್ಲಿ ಏನು ಮಿತಿ ಇದೆ ಅನ್ನುವುದು.

"ಇದೆಲ್ಲ ದೊಡ್ಡವರ ಗಲಾಟೆ, ನಮಗ್ಯಾಕೆ?" ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ನಲ್ಲಿಯಲ್ಲಿ ನೀರು ಬರದಿದ್ದರೆ ಕೊಡ ಹಿಡಿದು ಪಂಚಾಯಿತಿ ಮುಂದೆ ಕೂರುವವರು ಯಾರು? ಮದ್ಯದಂಗಡಿ ಬೇಡ ಅಂತ ಮನವಿ ಪತ್ರಕ್ಕೆ ಸಹಿ ಹಾಕುವವರು ಯಾರು? ನಾವೇ ಅಲ್ವಾ? ಸಹಿ ಹಾಕಿದ ಮರುದಿನ ಯಾರಾದರೂ ಮನೆಗೆ ಬಂದು, "ಯಾರು ಹೇಳಿಕೊಟ್ಟು ಬಂದ್ರಿ? ನಂಬರ್ ಕೊಡಿ, ಗಂಡ ಎಲ್ಲಿ ಕೆಲಸ ಮಾಡ್ತಾನೆ?" ಅಂತ ಕೇಳಿದರೆ ಸಾಕು. ಲಾಠಿ ಬೇಡ, ಜೈಲು ಬೇಡ. ಮುಂದಿನ ಸಲ ಮೂವತ್ತು ಜನ ಬರುವ ಕಡೆ ಐದು ಜನ ಬರ್ತಾರೆ. ಕಣ್ಣಿಡುವುದರ ಕೆಲಸವೇ ಅದು.

ಇದು ಹೊಸದೇನಲ್ಲ. ಉತ್ತರ ಪ್ರದೇಶದಲ್ಲಿ ಖರಕ್ ಸಿಂಗ್ ಎಂಬುವವರನ್ನು 1941ರಲ್ಲಿ ದರೋಡೆ ಕೇಸಿನಲ್ಲಿ ಹಿಡಿದು, ಸಾಕ್ಷಿ ಇಲ್ಲ ಅಂತ ಬಿಟ್ಟರು. ಆದರೂ ಪೊಲೀಸರು ಅವರ ಹೆಸರಲ್ಲಿ ಒಂದು ಕಡತ ತೆರೆದಿಟ್ಟರು. ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು. ಬೇರೆ ಊರಿಗೆ ಹೋಗಬೇಕಾದರೆ ಚೌಕೀದಾರನಿಗೆ ಹೇಳಿ ಹೋಗಬೇಕು, ಯಾವಾಗ ಬರ್ತೀನಿ ಅಂತಾನೂ ಹೇಳಬೇಕು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರ್‌ನಲ್ಲಿ ಕೋರ್ಟು ರಾತ್ರಿ ಬಾಗಿಲು ಬಡಿಯುವುದು ತಪ್ಪು ಅಂದಿತು, ಆದರೆ ಹಿಂದೆ ಮುಂದೆ ನೋಡುತ್ತಾ ಇರುವುದು ತಪ್ಪಲ್ಲ ಅಂದಿತು. ಖಾಸಗಿತನ ಅನ್ನುವುದು ಸಂವಿಧಾನ ಕೊಟ್ಟ ಹಕ್ಕಲ್ಲ ಅಂತ ಬಹುಮತದ ನ್ಯಾಯಾಧೀಶರು ಬರೆದರು. ಈ ಮಾತು ಬದಲಾಗಲು 55 ವರ್ಷ ಹಿಡಿಯಿತು.

ಇನ್ನು ನಮ್ಮ ರಾಜ್ಯಕ್ಕೆ ಬರೋಣ. ಹಿರಿಯರಿಗೆ ನೆನಪಿರಬಹುದು, 1988ರಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ. ರಾಜಕಾರಣಿಗಳ ಫೋನುಗಳನ್ನು, ಅವರದೇ ಪಕ್ಷದವರದ್ದೂ ಸೇರಿ, ಕದ್ದು ಕೇಳಲಾಗಿದೆ ಎಂಬ ವಿಷಯ ಸಂಸತ್ತಿನ ತನಕ ಹೋಯಿತು. ಆ ವರ್ಷದ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಒಂದು ಮಾತು ಗಮನಿಸಿ. ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿದ್ದು ಇದೇ ಸರ್ಕಾರ. ನಮ್ಮಂಥವರಿಗೆ ಒಳ್ಳೆಯದು ಮಾಡಿದ ಸರ್ಕಾರವೂ ಕದ್ದು ಕೇಳಬಲ್ಲದು. ಹಾಗಾಗಿ "ಈಗಿರೋರು ಒಳ್ಳೆಯವರು, ಕೇಳಿದರೆ ಕೇಳಲಿ ಬಿಡಿ" ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ, ಯಾವ ಪಕ್ಷ ಇದ್ದರೂ ಅಷ್ಟೇ.

ಹಾಗಂತ ಫೋನ್ ಕೇಳಲೇಬಾರದು ಅಂತಾನೂ ನಾವು ಹೇಳುವುದಿಲ್ಲ. ಬಾಂಬ್ ಇಡುವವನನ್ನು, ಮಗುವನ್ನು ಅಪಹರಿಸಿದವನನ್ನು ಹಿಡಿಯಬೇಕಾದರೆ ಪೊಲೀಸರಿಗೆ ಅದು ಬೇಕಾಗುತ್ತದೆ. ಪ್ರಶ್ನೆ ಏನೆಂದರೆ, ಯಾರ ಅಪ್ಪಣೆಯಿಂದ, ಎಷ್ಟು ದಿನ, ಆಮೇಲೆ ಲೆಕ್ಕ ನೋಡುವವರು ಯಾರು?

ಈ ಪ್ರಶ್ನೆಯನ್ನು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಒಯ್ದಿತು. ಆವರೆಗೆ ಇದ್ದದ್ದು ಬ್ರಿಟಿಷರ ಕಾಲದ 1885ರ ತಂತಿ ಕಾಯಿದೆ. ಸಾರ್ವಜನಿಕ ತುರ್ತು ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ಕೇಳಬಹುದು ಅಂತ ಅದರಲ್ಲಿತ್ತು, ಹೇಗೆ ಕೇಳಬೇಕು ಅನ್ನುವ ನಿಯಮವನ್ನು ಯಾರೂ ಬರೆದಿರಲಿಲ್ಲ. 1996ರ ಡಿಸೆಂಬರ್ 18ರಂದು ಕೋರ್ಟು ತಾನೇ ನಿಯಮ ಹಾಕಿತು. ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಆದೇಶ ಬೇಕು. ಎರಡು ತಿಂಗಳಿಗೆ ಅದು ಮುಗಿಯುತ್ತದೆ, ಮುಂದುವರಿಸಿದರೂ ಒಟ್ಟು ಆರು ತಿಂಗಳು ದಾಟಬಾರದು. ಬೇರೆ ದಾರಿಯಲ್ಲಿ ಮಾಹಿತಿ ಸಿಗುತ್ತದಾ ಅಂತ ಮೊದಲು ನೋಡಬೇಕು. ಪ್ರತಿ ಆದೇಶವನ್ನೂ ಒಂದು ಪರಿಶೀಲನಾ ಸಮಿತಿ ನೋಡಬೇಕು. ಈಗ ಆ ಹಳೆ ಕಾಯಿದೆ ಹೋಗಿ 2023ರ ದೂರಸಂಪರ್ಕ ಕಾಯಿದೆ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದವು. 60 ದಿನ, 180 ದಿನದ ಲೆಕ್ಕ ಅದರಲ್ಲೂ ಹಾಗೇ ಇದೆ.

ಇದನ್ನು ನಮ್ಮ ಸಂಘದ ಪದ್ಧತಿಗೆ ಹೋಲಿಸಿ ನೋಡಿ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ. ಬ್ಯಾಂಕಿನಿಂದ ಐನೂರು ರೂಪಾಯಿ ತೆಗೆಯಬೇಕಾದರೂ ನಡಾವಳಿ ಪುಸ್ತಕದಲ್ಲಿ ಠರಾವು, ಇಬ್ಬರು ಪ್ರತಿನಿಧಿಗಳ ಸಹಿ. ವರ್ಷಕ್ಕೊಮ್ಮೆ ಹೊರಗಿನವರು ಬಂದು ಲೆಕ್ಕ ಪರಿಶೋಧನೆ ಮಾಡ್ತಾರೆ. ಪುಸ್ತಕ ಬರೆದವಳೇ ತನ್ನ ಪುಸ್ತಕವನ್ನು ತಾನೇ ನೋಡಿ "ಸರಿಯಾಗಿದೆ" ಅಂದರೆ ನಾವು ಒಪ್ಪುತ್ತೇವಾ? ಆದರೆ ಫೋನ್ ಕದ್ದು ಕೇಳುವ ವಿಷಯದಲ್ಲಿ ನಡೆಯುವುದು ಸುಮಾರಾಗಿ ಹೀಗೆಯೇ. ಆದೇಶ ಕೊಡುವವರು ಸರ್ಕಾರದ ಕಾರ್ಯದರ್ಶಿ. ಪರಿಶೀಲನಾ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಾಧೀಶರಿಲ್ಲ, ಹೊರಗಿನವರು ಒಬ್ಬರೂ ಇಲ್ಲ. ಯಾರ ಫೋನ್ ಕೇಳಿದರೋ ಅವರಿಗೆ ಆಮೇಲೂ ತಿಳಿಸುವುದಿಲ್ಲ. ಗೊತ್ತೇ ಆಗದಿದ್ದರೆ ದೂರು ಕೊಡುವುದು ಹೇಗೆ?

ನಿವೃತ್ತ ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಕೇಂದ್ರ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಒಂದು ಸಂಖ್ಯೆ ಇದೆ. ಎರಡು ತಿಂಗಳಿಗೊಮ್ಮೆ ಸೇರುವ ಈ ಪರಿಶೀಲನಾ ಸಮಿತಿ ಒಂದೊಂದು ಸಭೆಯಲ್ಲಿ 15,000ದಿಂದ 18,000 ಆದೇಶಗಳನ್ನು ನೋಡಬೇಕಂತೆ. ನಾವು ಇಪ್ಪತ್ತು ಜನರ ಪಾಸ್ ಪುಸ್ತಕ ತಾಳೆ ನೋಡಲಿಕ್ಕೇ ಮಧ್ಯಾಹ್ನವೆಲ್ಲ ಕೂರುತ್ತೇವೆ!

ನಿಯಮ ಪೂರ್ತಿ ಕಾಗದದಲ್ಲೇ ಉಳಿದಿದೆ ಅಂತಲ್ಲ. 2019ರಲ್ಲಿ ಬಾಂಬೆ ಹೈಕೋರ್ಟು ಒಬ್ಬ ಉದ್ಯಮಿಯ ಫೋನ್ ಕೇಳಿದ ಆದೇಶಗಳನ್ನು ರದ್ದು ಮಾಡಿ, ಧ್ವನಿಮುದ್ರಣ ನಾಶ ಮಾಡಿ ಅಂತ ಹೇಳಿತು. ಆದರೆ ಅವರು ಉದ್ಯಮಿ, ವಕೀಲರನ್ನು ಇಡುವ ಶಕ್ತಿ ಇತ್ತು.

ಈಗ ಆ 55 ವರ್ಷದ ಮಾತಿಗೆ ಬರ್ತೀವಿ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಖರಕ್ ಸಿಂಗ್ ಕೇಸಿನ ಹಳೆಯ ಮಾತು ಅಂದಿಗೆ ಬಿದ್ದುಹೋಯಿತು. ಸರ್ಕಾರ ನಮ್ಮ ಖಾಸಗಿ ಬದುಕಿನೊಳಗೆ ಬರಬೇಕಾದರೆ ಕಾನೂನು ಇರಬೇಕು, ಸರಿಯಾದ ಉದ್ದೇಶ ಇರಬೇಕು, ಅಗತ್ಯಕ್ಕಿಂತ ಹೆಚ್ಚು ಕೈ ಚಾಚಬಾರದು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಹೋದರೂ ಆ ಕೇಸು ಇಂದಿಗೂ ಅವರ ಹೆಸರಿನಲ್ಲೇ ಇದೆ.

ತೀರ್ಪು ಬಂದರೂ ಕದ್ದು ನೋಡುವ ಉಪಾಯಗಳು ಬೆಳೆಯುತ್ತಲೇ ಇವೆ. 2021ರ ಜುಲೈಯಲ್ಲಿ ಪೆಗಾಸಸ್ ಎಂಬ ಇಸ್ರೇಲ್ ಕಂಪೆನಿಯ ತಂತ್ರಾಂಶದ ಸುದ್ದಿ ಬಂತು. ಅದು ಒಳಗೆ ಸೇರಿದರೆ ಫೋನಿನಲ್ಲಿರುವ ಮೆಸೇಜು, ಫೋಟೋ ಎಲ್ಲವೂ ಅವರ ಕೈಗೆ. ಸೋರಿಕೆಯಾದ ನಂಬರುಗಳ ಪಟ್ಟಿಯಲ್ಲಿ ಪತ್ರಕರ್ತರು, ವಿರೋಧ ಪಕ್ಷದವರು ಇದ್ದರೆಂದು ಪತ್ರಿಕೆಗಳು ಬರೆದವು. ಒಬ್ಬ ದೊಡ್ಡ ನ್ಯಾಯಾಧೀಶರ ಮೇಲೆ ಲೈಂಗಿಕ ಕಿರುಕುಳದ ದೂರು ಕೊಟ್ಟ ನೌಕರ ಹೆಣ್ಣುಮಗಳ ನಂಬರ್, ಅವರ ಮನೆಯವರ ನಂಬರ್ ಕೂಡ ಇತ್ತೆಂದು ಬರೆದವು. ಅವರ ಫೋನಿನೊಳಗೆ ಅದು ಸೇರಿತ್ತು ಅಂತ ಸಾಬೀತಾಗಿಲ್ಲ, ಅದನ್ನೂ ಹೇಳಬೇಕು. ಸುಪ್ರೀಂ ಕೋರ್ಟು ನೇಮಿಸಿದ ಸಮಿತಿ 29 ಫೋನುಗಳನ್ನು ಪರೀಕ್ಷಿಸಿತು. ಐದರಲ್ಲಿ ದುಷ್ಟ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿದೆ ಅಂತ 2022ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿಗಳೇ ಕೋರ್ಟಿನಲ್ಲಿ ತಿಳಿಸಿದರು. ದೂರು ಕೊಡಲು ಮುಂದೆ ಬರುವ ಇನ್ನೊಬ್ಬ ಹೆಣ್ಣುಮಗಳು ಈ ಸುದ್ದಿ ಓದಿ ಏನು ಅಂದುಕೊಳ್ಳುತ್ತಾಳೆ ಅಂತ ನೀವೇ ಯೋಚಿಸಿ.

ಕೊನೆಗೆ ನಮಗೆ ನೇರವಾಗಿ ಬೇಕಾದ ಎರಡು ವಿಷಯ. ಮನವಿ ಕೊಟ್ಟದ್ದಕ್ಕೋ, ಧರಣಿ ಕೂತದ್ದಕ್ಕೋ ಪೊಲೀಸರು ವಿಚಾರಣೆ ಅಂತ ಕರೆದರೆ ಗೊತ್ತಿರಲಿ, ಸಾಕ್ಷಿಯಾಗಿ ಹೇಳಿಕೆ ಕೊಡಲು ಹೆಂಗಸರನ್ನು ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ. ಅವರೇ ನಮ್ಮ ಮನೆಗೆ ಬಂದು ಕೇಳಬೇಕು. ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದು ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಮಿನಲ್ಲೂ ಇದೆ. ಇನ್ನೊಂದು, ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹೆಂಗಸರನ್ನು ಬಂಧಿಸುವಂತಿಲ್ಲ. ವಿಶೇಷ ಸಂದರ್ಭವಿದ್ದರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು, ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಇವೆರಡನ್ನೂ ನಿಮ್ಮ ಸಂಘದ ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವಾರದ ಸಭೆಯಲ್ಲಿ ಓದು ಬಾರದ ಸದಸ್ಯೆಯರಿಗೆ ಓದಿ ಹೇಳಿ.