ಪಾನ್ ಅಂಗಡಿಯಲ್ಲಿ ಫೇಲಾದ ನನ್ನ ಕೆಮಿಸ್ಟ್ರಿ

ಮೊದಲೇ ಹೇಳಿಬಿಡ್ತೀನಿ, ನಾನು ಕೆಮಿಸ್ಟ್ರಿಯವನಲ್ಲ, ಕೋಡ್ ಬರೆಯೋನು. ಆದರೆ ಸೆಕೆಂಡ್ ಪಿಯುಸಿಯಲ್ಲಿ ಕೆಮಿಸ್ಟ್ರಿಗೆ 96 ಬಂದಿತ್ತು. ಆ 96ರ ಬೆಲೆ ಎಷ್ಟು ಅಂತ ಗೊತ್ತಾಗಿದ್ದು 2013ರಲ್ಲಿ, ವಾರಾಣಸಿಯಲ್ಲಿ.

ಎಂಟೆಕ್ ಮಾಡೋಕೆ ಬಿಎಚ್‌ಯು ಕ್ಯಾಂಪಸ್ಸಿಗೆ ಹೋಗಿದ್ದೆ. ಹಿಂದಿನ ವರ್ಷವಷ್ಟೇ ಅಲ್ಲಿನ ಐಟಿ, ಐಐಟಿ ಆಗಿತ್ತು. ರಾತ್ರಿ ಊಟ ಆದಮೇಲೆ ಲಂಕಾ ಕಡೆಯ ಗೇಟ್ ದಾಟಿ ಪಾನ್ ಅಂಗಡಿ ಮುಂದೆ ನಿಲ್ಲೋದು ಹಾಸ್ಟೆಲ್ ಹುಡುಗರ ಪದ್ಧತಿ. ಅಂಗಡಿಯವರು ಎಲೆಗೆ ಸುಣ್ಣ ಸವರಿ, ಅದರ ಮೇಲೆ ಕಾಚು ಸವರ್ತಾ ಒಂದು ದಿನ ಕೇಳಿದ್ರು: "ಇಂಜಿನಿಯರ್ ಸಾಹೇಬ್ರೇ, ಸುಣ್ಣ ಬಿಳಿ, ಕಾಚು ಕಂದು. ಈ ಕೆಂಪು ಎಲ್ಲಿಂದ ಬಂತು?"

ನನಗೆ ಉತ್ತರ ಗೊತ್ತಿರ್ಲಿಲ್ಲ. ಸುಣ್ಣ ಕ್ಷಾರ ಅಂತ ಗೊತ್ತು, ಫಾರ್ಮುಲಾ ಗೊತ್ತು, ಅಷ್ಟೇ. ಆಮೇಲೆ ಓದಿ ತಿಳ್ಕೊಂಡೆ. ಕಾಚಿನಲ್ಲಿ ಕ್ಯಾಟೆಚಿನ್ ಅಂತ ಒಂದು ಪದಾರ್ಥ ಇದೆ. ಕ್ಷಾರದ ಜೊತೆ ಸೇರಿದಾಗ ಅದು ಗಾಳಿಯ ಆಮ್ಲಜನಕದಿಂದ ಬೇಗ ಉತ್ಕರ್ಷಣೆಗೊಂಡು ಕೆಂಪಾಗುತ್ತೆ.

ನಾಚಿಕೆ ಆಗಿದ್ದು ಯಾಕೆ ಗೊತ್ತಾ? ಇದರ ಅಣ್ಣನಂಥ ಪ್ರಯೋಗವನ್ನ ನಮ್ಮಜ್ಜಿ ನನ್ನ ಕಣ್ಣೆದುರೇ ಹತ್ತಾರು ಸಲ ಮಾಡಿದ್ರು. ಮದುಮಕ್ಕಳು ಹೊಸ್ತಿಲು ದಾಟುವಾಗ ಎತ್ತುವ ಕೆಂಪಾರತಿ! ಅರಿಶಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕ್ಷಣದಲ್ಲಿ ರಕ್ತಗೆಂಪು. ಅರಿಶಿನದ ಕರ್ಕ್ಯುಮಿನ್ ಪಿಎಚ್ ಸುಮಾರು 7.4ರವರೆಗೆ ಹಳದಿ, 8.6 ದಾಟಿದರೆ ಕೆಂಪು. ಸುಣ್ಣದ ನೀರಿನ ಪಿಎಚ್ 12ರ ಆಚೆ. ಕಾಚಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಆರತಿ ತಟ್ಟೆಗೆ ನಿಂಬೆರಸ ಹಿಂಡಿದರೆ ಅರಿಶಿನ ವಾಪಸ್ ಹಳದಿಯಾಗುತ್ತೆ. ಇವತ್ತು ರಾತ್ರಿ ಮಕ್ಕಳ ಜೊತೆ ಮಾಡಿ ನೋಡಿ. ಸುಣ್ಣ ಸಿಗದ ಊರಲ್ಲಿದ್ದರೆ ಬಟ್ಟೆ ಸೋಪು ಸಾಕು. ಸಾಂಬಾರ್ ಕಲೆಗೆ ಸೋಪು ಹಚ್ಚಿದಾಗ ಕೆಂಪಾಗೋದೂ ಇದೇ.

ಅದೇ ಕ್ಯಾಂಪಸ್ಸಿನಲ್ಲಿ ನಮ್ಮ ಸಿ.ಎನ್.ಆರ್. ರಾವ್ ಓದಿದ್ದು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ, 1953ರಲ್ಲಿ ಬಿಎಚ್‌ಯು ಎಂಎಸ್ಸಿ, ಇನ್ನೂ ಹತ್ತೊಂಬತ್ತರ ಹುಡುಗ. ಅಷ್ಟು ದೊಡ್ಡ ವಿಜ್ಞಾನಿ ಶಾಲಾ ಮಕ್ಕಳಿಗೂ ಕೆಮಿಸ್ಟ್ರಿ ಪುಸ್ತಕ ಬರೆದ್ರು, ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರಕ್ಕೆ ಮಕ್ಕಳನ್ನ, ಮೇಷ್ಟ್ರುಗಳನ್ನ ಕರೆಸಿ ಮಾತಾಡಿದ್ರು. ನಾನು ಆ ಡಿಪಾರ್ಟ್‌ಮೆಂಟ್ ಮುಂದೆ ಎರಡು ವರ್ಷ ಸೈಕಲ್ ತುಳಿದೆ, ಒಳಗೆ ಒಮ್ಮೆಯೂ ಹೋಗಲಿಲ್ಲ. ಪ್ಲೇಸ್‌ಮೆಂಟ್ ತಯಾರಿ ನೋಡಿ!

ಈಗ ನಿಜವಾಗಿ ಹೇಳಬೇಕಾಗಿದ್ದಕ್ಕೆ ಬರ್ತೀನಿ. ವಾರಾಣಸಿಯಲ್ಲಿ ರಿಕ್ಷಾದವರು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ತಿಕ್ಕೋದನ್ನ ದಿನಾ ನೋಡ್ತಿದ್ದೆ. ಊರಲ್ಲಿ ನಮ್ಮ ಮಾವನೂ ಹಾಗೇ, ಊಟ ಆದ ಕೂಡಲೇ ಜಗಲಿ ಮೇಲೆ ಕೂತು. ಸುಣ್ಣ ಯಾಕೆ? ಆಮ್ಲೀಯ ವಾತಾವರಣದಲ್ಲಿ ನಿಕೋಟಿನ್‌ಗೆ ಒಂದು ಪ್ರೋಟಾನ್ ಅಂಟಿಕೊಂಡು ಧನಾವೇಶ ಇರುತ್ತೆ, ಕೆನ್ನೆಯ ಒಳಪೊರೆ ದಾಟೋದು ಕಷ್ಟ. ಸುಣ್ಣ ಆ ಪ್ರೋಟಾನ್ ಕಿತ್ಕೊಳ್ಳುತ್ತೆ. ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತೆ, ಚಟ ಗಟ್ಟಿಯಾಗುತ್ತೆ. ಕ್ಯಾನ್ಸರ್ ತರೋದು ಮುಖ್ಯವಾಗಿ ತಂಬಾಕಿನ ನೈಟ್ರೋಸಮೈನ್‌ಗಳು. ಅವನ್ನ ದಿನಕ್ಕೆ ಹತ್ತು ಸಲ ಬಾಯಿಗೆ ಕರೆತರೋದು ಆ ಚಟ.

ಮಾವನಿಗೆ ಕೆಳದವಡೆಯಲ್ಲಿ ಬಂತು. ಆಪರೇಷನ್ ಆಯ್ತು, ಬದುಕಿದ್ದಾರೆ, ಆದರೆ ರೊಟ್ಟಿ ಅಗಿಯೋಕಾಗಲ್ಲ. ಹಾಸಿಗೆ ಪಕ್ಕ ಕೂತು ಈ ಪ್ರೋಟಾನ್ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡ್ರು. ಆಮೇಲೆ ತೊದಲುತ್ತಾ ಕೇಳಿದ್ರು, "ಈ ಆಮ್ಲ, ಕ್ಷಾರ ಎಲ್ಲ ನೀನು ಯಾವ ಕ್ಲಾಸಲ್ಲಿ ಓದಿದ್ದು?"

"ಹತ್ತನೇ ಕ್ಲಾಸಲ್ಲಿ" ಅಂದೆ. ಆ ವರ್ಷ ನಾನು ಅವರ ಜಗಲಿ ಮೇಲೇ ಕೂತು ಓದ್ತಿದ್ದೆ.

ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.