ನೇಯ್ದ ಕಾಲುವೆ



ಮಳೆಗಾಲದಲ್ಲಿ ಇಲ್ಲಿ ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ ಕುರಿ ಮೇಯಿಸಿದವರಿಗೆ ಇದು ಗೊತ್ತಿರುವ ಮಾತು. ಸೋನೆ ಹಿಡಿದಾಗ ಕಂಬಳಿ ಕೊಪ್ಪೆ ಹಾಕಿಕೊಂಡರೆ ಹನಿಗಳು ಉರುಳಿ ಕೆಳಗೆ ಬೀಳುತ್ತವೆ. ಅದೇ ಹೆಗಲ ಮೇಲಿನ ಹತ್ತಿ ಟವೆಲಿನ ಒಂದು ಚುಂಗು ನೆನೆದರೆ ಸಾಕು, ಸ್ವಲ್ಪ ಹೊತ್ತಿಗೆ ತೇವ ಮೇಲಕ್ಕೆ ಏರಿರುತ್ತದೆ. ಉಣ್ಣೆಯ ಎಳೆ ನೀರನ್ನು ತಡೆಯಿತು, ಹತ್ತಿಯ ಎಳೆ ನೀರನ್ನು ಎಳೆದುಕೊಂಡಿತು. ತಡೆಯುವುದಕ್ಕೆ ವಾಲ್ವ್ ಅನ್ನುತ್ತೇವೆ, ಎಳೆಯುವುದಕ್ಕೆ ಪಂಪ್ ಅನ್ನುತ್ತೇವೆ. ಕೂದಲೆಳೆಯ ಗಾತ್ರದ ವಾಲ್ವು, ಪಂಪುಗಳೇ ಇವತ್ತಿನ ನನ್ನ ವಿಷಯ.

ಅಷ್ಟು ಸಣ್ಣದು ಯಾಕೆ ಬೇಕು? ಬೆರಳಿಗೆ ಚುಚ್ಚಿ ತೆಗೆದ ಒಂದು ತೊಟ್ಟು ರಕ್ತವನ್ನು ನೆನೆಸಿಕೊಳ್ಳಿ. ಅಂಥ ಸುಮಾರು 20 ತೊಟ್ಟು ಸೇರಿದರೆ ಒಂದು ಮಿಲಿಲೀಟರ್. ಆ ಒಂದೇ ತೊಟ್ಟಿನಲ್ಲಿ ಸಕ್ಕರೆ ಎಷ್ಟಿದೆ, ಸೋಂಕಿದೆಯೇ ಎಂದು ಮನೆಬಾಗಿಲಲ್ಲೇ ತಿಳಿಯಬೇಕಾದರೆ ಅದನ್ನು ಹರಿಸಬೇಕು, ಒಂದೆಡೆ ನಿಲ್ಲಿಸಬೇಕು, ಪರೀಕ್ಷೆಯ ರಾಸಾಯನಿಕದ ಜೊತೆ ಸೇರಿಸಬೇಕು. ಅಷ್ಟಕ್ಕೂ ಕಾಲುವೆ ಬೇಕು, ತೂಬು ಬೇಕು.

ನಮ್ಮ ಬೋರ್‌ವೆಲ್ ಮೋಟರನ್ನೇ ಕುಗ್ಗಿಸುತ್ತಾ ಹೋದರೆ ಆಗದೇ ಎಂದು ಕೇಳಬಹುದು. ಆಗುವುದಿಲ್ಲ. ವಸ್ತುವನ್ನು ಎಲ್ಲ ಕಡೆಯಿಂದ ಹತ್ತು ಪಟ್ಟು ಕುಗ್ಗಿಸಿದರೆ ಅದರ ಮೈ ನೂರು ಪಟ್ಟು ಕಡಿಮೆಯಾಗುತ್ತದೆ, ಒಳಗೆ ಹಿಡಿಯುವ ನೀರು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಕಾಲುವೆ ಕಿರಿದಾದಷ್ಟೂ ನೀರು ಕಡಿಮೆ, ಗೋಡೆ ಜಾಸ್ತಿ. ಬೋರ್‌ವೆಲ್ ಪಂಪು ನೀರನ್ನು ರಭಸದಿಂದ ಬೀಸಿ ಎಸೆಯುತ್ತದೆ. ಕೂದಲಿನಷ್ಟು ಕಾಲುವೆಯಲ್ಲಿ ಆ ರಭಸಕ್ಕೆ ಅರ್ಥವೇ ಇಲ್ಲ, ಅಲ್ಲಿ ನೀರು ಜೇನುತುಪ್ಪದಂತೆ ನಡೆದುಕೊಳ್ಳುತ್ತದೆ. ಎರಡು ಬಣ್ಣದ ನೀರನ್ನು ಒಟ್ಟಿಗೆ ಬಿಟ್ಟರೆ ಸುಳಿಯೆದ್ದು ಬೆರೆಯುವುದಿಲ್ಲ, ಜೋಡೆತ್ತುಗಳ ಹಾಗೆ ಪಕ್ಕಪಕ್ಕದಲ್ಲೇ ಸಾಗುತ್ತವೆ. ಕೊಳವೆಯ ಅಗಲ ಅರ್ಧವಾದರೆ ಅಷ್ಟೇ ನೀರು ಸಾಗಿಸಲು 16 ಪಟ್ಟು ಒತ್ತಡ ಬೇಕು. ಡ್ರಿಪ್ ಹಾಕಿಸಿದವರು ಉಪ್ಪು ಕಟ್ಟಿದ ಡ್ರಿಪ್ಪರಿನಲ್ಲಿ ಈ ಲೆಕ್ಕದ ಬಿಸಿ ಅನುಭವಿಸಿದ್ದೀರಿ.

ಇದಕ್ಕೆ ಜಗತ್ತು ಹಲವು ಉಪಾಯ ಹುಡುಕಿತು. 1979ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಿಲಿಕಾನ್ ಬಿಲ್ಲೆಯೊಂದರ ಮೇಲೆ ಅನಿಲ ಪರೀಕ್ಷೆಯ ಯಂತ್ರವನ್ನೇ ಕೆತ್ತಿದರು, ವಾಲ್ವೂ ಅದರ ಮೇಲೇ ಇತ್ತು. ಜೆರಾಕ್ಸ್ ಅಂಗಡಿಯ ಇಂಕ್‌ಜೆಟ್ ಪ್ರಿಂಟರಿನಲ್ಲೂ ಇಂಥದೇ ಪಂಪಿದೆ. ಕಣ್ಣಿಗೆ ಕಾಣದ ಒಂದು ಬಿಸಿಚುಕ್ಕಿ ಶಾಯಿಯನ್ನು ಕ್ಷಣಮಾತ್ರ ಕುದಿಸುತ್ತದೆ, ಗುಳ್ಳೆ ಉಬ್ಬುತ್ತದೆ, ಹನಿ ಚಿಮ್ಮುತ್ತದೆ. ಇನ್ನೊಂದು ಬಗೆಯಲ್ಲಿ ವಿದ್ಯುತ್ ಕೊಟ್ಟಾಗ ಬಾಗುವ ಹರಳಿನ ಬಿಲ್ಲೆಯನ್ನು ತೆಳುಪೊರೆಗೆ ಅಂಟಿಸುತ್ತಾರೆ. ಪೊರೆ ಎದ್ದಾಗ ನೀರು ಒಳಗೆ ಬರುತ್ತದೆ, ಕುಸಿದಾಗ ಹೊರಗೆ ಹೋಗುತ್ತದೆ.

ನನಗೆ ಬಹಳ ಇಷ್ಟವಾದದ್ದು 2000ನೇ ಇಸವಿಯಲ್ಲಿ ಸ್ಟೀಫನ್ ಕ್ವೇಕ್ ಅವರ ತಂಡ ಕ್ಯಾಲಿಫೋರ್ನಿಯಾದಲ್ಲಿ ಮಾಡಿ ತೋರಿಸಿದ್ದು. ಮೆತ್ತನೆಯ ಸಿಲಿಕೋನ್ ರಬ್ಬರಿನ ಎರಡು ಪದರ. ಒಂದು ಪದರದಲ್ಲಿ ನೀರಿನ ಕಾಲುವೆ, ಇನ್ನೊಂದರಲ್ಲಿ ಅದಕ್ಕೆ ಅಡ್ಡಲಾಗಿ ಗಾಳಿಯ ಕಾಲುವೆ. ಗಾಳಿ ತುಂಬಿದರೆ ನಡುವಿನ ರಬ್ಬರ್ ಉಬ್ಬಿ ನೀರಿನ ದಾರಿಯನ್ನು ಮುಚ್ಚುತ್ತದೆ, ಹೋಸ್ ಪೈಪನ್ನು ಕಾಲಲ್ಲಿ ಮೆಟ್ಟಿದ ಹಾಗೆ. ಅಂಥ ಮೂರು ವಾಲ್ವುಗಳನ್ನು ಒಂದಾದ ಮೇಲೊಂದು ಮುಚ್ಚಿ ತೆರೆದರೆ ಪಂಪಾಯಿತು. ಇಲ್ಲಿ ಹಾಲು ಕರೆಯುವ ತಾಯಂದಿರಿದ್ದೀರಿ. ಹೆಬ್ಬೆರಳು, ತೋರುಬೆರಳಿನಿಂದ ಮೊಲೆಯ ಬುಡವನ್ನು ಬಿಗಿಹಿಡಿದು, ಉಳಿದ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಹಾಲಿಳಿಸುತ್ತೀರಲ್ಲ, ಅದೇ ಕೆಲಸ. ಎರಡೇ ವರ್ಷದಲ್ಲಿ ಇಂಥ ಒಂದೇ ರಬ್ಬರ್ ಚಿಪ್ಪಿನ ಮೇಲೆ ಸಾವಿರಾರು ವಾಲ್ವು ಕೂಡಿಸಿದರು.

ಆದರೆ ಚಿಪ್ಪು ಅಂಚೆಚೀಟಿಯಷ್ಟಿದ್ದರೂ ಅದಕ್ಕೆ ಗಾಳಿ ಊದಲು ಕಂಪ್ರೆಸರ್ ಬೇಕು, ಹೊರಗಿನಿಂದ ನಳಿಕೆಗಳು ಬೇಕು, ನಡೆಸಲು ಕಂಪ್ಯೂಟರ್ ಬೇಕು. ದೊಡ್ಡ ಪ್ರಯೋಗಾಲಯಕ್ಕೆ ಅದು ವರ. ಕರೆಂಟು ಹೋಗಿಬಂದು ಮಾಡುವ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಆಗಿಬರುವುದಿಲ್ಲ.

ಹಾಗಾದರೆ ಕರೆಂಟಿಲ್ಲದ ಪಂಪು ಯಾವುದು? ದೇವರ ಮುಂದಿನ ಹಣತೆಯ ಬತ್ತಿ. ಎಣ್ಣೆ ಗಾಣಗಳ ಊರು ಚಳ್ಳಕೆರೆಗೆ ಬತ್ತಿಯ ಬಗ್ಗೆ ಹೊಸದಾಗಿ ಹೇಳಲೇನಿದೆ! ಎಳೆಗಳ ನಡುವಿನ ಸಂದೇ ಎಣ್ಣೆಯನ್ನು ಮೇಲಕ್ಕೆಳೆಯುತ್ತದೆ. ಶುದ್ಧವಾದ ಗಾಜಿನ ಕೊಳವೆಯ ರಂಧ್ರ ಮಿಲಿಮೀಟರಿನ ಹತ್ತನೇ ಒಂದು ಭಾಗ ಅಗಲವಿದ್ದರೆ ನೀರು ತಾನಾಗಿ ಸುಮಾರು 30 ಸೆಂಟಿಮೀಟರ್ ಏರುತ್ತದೆ. ಮೋಟರಿನ ದಾರಿಗೆ ಅಡ್ಡಬಂದ ಅದೇ ಗೋಡೆ ಇಲ್ಲಿ ನೀರಿಗೆ ಕೈಕೊಟ್ಟು ಎಳೆದುಕೊಳ್ಳುತ್ತದೆ. ಕೋವಿಡ್ ದಿನಗಳಲ್ಲಿ ನೋಡಿದ ಪರೀಕ್ಷೆಯ ಪಟ್ಟಿ, ಬಸಿರಿನ ಪರೀಕ್ಷೆಯ ಪಟ್ಟಿ ನಡೆಯುವುದೂ ಹೀಗೇ.

2007ರಲ್ಲಿ ಹಾರ್ವರ್ಡಿನ ಜಾರ್ಜ್ ವೈಟ್‌ಸೈಡ್ಸ್ ತಂಡ ಕಾಗದದ ಮೇಲೆ ನೀರು ಹಿಡಿಯದ ಗೆರೆಗಳಿಂದ ಕಾಲುವೆ ಮಾಡಿ ತೋರಿಸಿತು. 2011ರಲ್ಲಿ ನಮ್ಮ ಬೆಂಗಳೂರಿನ ಅಚಿರಾ ಲ್ಯಾಬ್ಸ್ ಕಂಪನಿ ಕಾಗದ ಬಿಟ್ಟು ಕೈಮಗ್ಗಕ್ಕೆ ಹೋಯಿತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ರೇಷ್ಮೆ ನೂಲಿಗೆ ಪರೀಕ್ಷೆಯ ರಾಸಾಯನಿಕ ಲೇಪಿಸಿ, ಒಣಗಿಸಿ, ಕಂಡಿಕೆಗೆ ಸುತ್ತಿ, ಹಾಸು-ಹೊಕ್ಕಿನಲ್ಲಿ ಸೇರಿಸಿ ನೇಯ್ದರು. ನೀರು ಕುಡಿಯುವ ನೂಲು ಇರುವ ಕಡೆ ಕಾಲುವೆಯಾಯಿತು, ಕುಡಿಯದ ನೂಲು ಇರುವ ಕಡೆ ಬದುವಾಯಿತು. ಯಾವ ನೂಲು, ಅದಕ್ಕೆ ಯಾವ ಲೇಪ, ಯಾವ ನೇಯ್ಗೆ ಎಂಬುದರ ಮೇಲೆ ಹರಿವಿನ ವೇಗ ನಿಂತಿದೆ. ಬಟ್ಟೆ ಮುಗಿದ ಮೇಲೆ ಪಟ್ಟಿಪಟ್ಟಿಯಾಗಿ ಕತ್ತರಿಸಿದರೆ ಒಂದೊಂದು ಪಟ್ಟಿಯೂ ಒಂದೊಂದು ಪರೀಕ್ಷೆ. 2015ರ ಹೊತ್ತಿಗೆ ಸಕ್ಕರೆಯ ಮಟ್ಟವನ್ನು ವಿದ್ಯುತ್ತಿನ ಸಂಕೇತವಾಗಿ ಕೊಡುವ ಪಟ್ಟಿಯನ್ನೂ ಹೀಗೇ ನೇಯ್ದರು. ಧೂಳಿನ ಕಣವೂ ಸುಳಿಯದ ಕೋಣೆಯಲ್ಲಿ ಸಿಲಿಕಾನ್ ಕೆತ್ತುವ ಕೆಲಸಕ್ಕೆ ಪ್ರತಿಯಾಗಿ ಲಾಳಿ ಓಡಿಸುವ ಕೈ ಬಂತು.

ಇದನ್ನು ಮೊದಲ ಸಲ ಓದಿದಾಗ ನನಗೆ ಮೊಳಕಾಲ್ಮೂರಿನ ಮಗ್ಗಗಳೇ ಕಣ್ಣಮುಂದೆ ಬಂದವು. ಹಸಿ ರೇಷ್ಮೆಯ ಗೋಂದನ್ನು ಸೋಪು ನೀರಿನಲ್ಲಿ ಕುದಿಸಿ ತೆಗೆದ ಮೇಲೆ ನೂಲು ಬಣ್ಣ ಹೇಗೆ ಕುಡಿಯುತ್ತದೆ, ಹುರಿ ಬಿಗಿಯಾದರೆ ಏನಾಗುತ್ತದೆ, ಬಿಗಿದು ಕಟ್ಟಿದ ಕಡೆ ಬಣ್ಣ ಯಾಕೆ ಹತ್ತುವುದಿಲ್ಲ ಎಂಬುದು ಬಣ್ಣದವರಿಗೂ ನೇಕಾರರಿಗೂ ಬೆರಳಿಗೆ ಗೊತ್ತು. ಕಂಬಳಿಯ ಹಾಸು ನೂಲಿಗೆ ಹುಣಸೆ ಬೀಜದ ಸರಿ ಬಳಿಯುವವರಿಗೆ ಎಳೆಯ ಮೈ ಬದಲಿಸುವುದು ಗೊತ್ತು. ಇದು ದ್ರವದ ಹರಿವಿನ ಜ್ಞಾನ ಅಲ್ಲದೆ ಮತ್ತೇನು?

ಬಟ್ಟೆಯ ಪಂಪಿಗೆ ಮಿತಿಗಳಿವೆ. ಒಮ್ಮೆ ಹೊರಟ ಹರಿವನ್ನು ನಡುವೆ ನಿಲ್ಲಿಸಿ ಮತ್ತೆ ಹೊರಡಿಸುವುದು ಕಷ್ಟ. ನಮ್ಮ ಏಪ್ರಿಲ್ ಬಿಸಿಲಿಗೆ ತೊಟ್ಟು ದಾರಿಯಲ್ಲೇ ಆರಿಹೋಗಬಹುದು, ಆದ್ದರಿಂದ ಪಟ್ಟಿಯನ್ನು ಮುಚ್ಚಿದ ಡಬ್ಬಿಯಲ್ಲಿಡಬೇಕು. ಕೈಮಗ್ಗದಲ್ಲಿ ಎಳೆಯಿಂದ ಎಳೆಗೆ ಬರುವ ವ್ಯತ್ಯಾಸ ಸೀರೆಗೆ ಸೊಗಸು, ರಕ್ತಪರೀಕ್ಷೆಗೆ ತೊಡಕು. ಈ ತೊಡಕನ್ನು ಬಿಡಿಸಲು ನೇಕಾರರೂ ವಿಜ್ಞಾನಿಗಳೂ ಒಂದೇ ಮಗ್ಗದ ಮುಂದೆ ಕೂರಬೇಕು.

ವಿಜ್ಞಾನಿಗಳು ಇಲ್ಲಿಂದ ದೂರವೇನೂ ಇಲ್ಲ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಿಕ್ಕಿದೆ, ಅಲ್ಲಿ ಶಾಲಾ ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಉಳ್ಳಾರ್ತಿ ಕಾವಲಿನ ನೆಲವೂ ಇಂಥ ಸಂಸ್ಥೆಗಳಿಗೇ ಹೋಯಿತು. ಅಮೃತಮಹಲ್ ದನಗಳು, ನಿಮ್ಮ ಕುರಿಗಳು ಮೇಯುತ್ತಿದ್ದ ಜಾಗಕ್ಕೆ ಗೋಡೆ ಬಂದಾಗ ಈ ಊರುಗಳು ಪಟ್ಟ ಸಂಕಟವನ್ನು ಬಲ್ಲೆ. ಕುರಿಗೆ ಹುಲ್ಲಿಲ್ಲದಿದ್ದರೆ ಕಂಬಳಿಗೆ ಉಣ್ಣೆ ಎಲ್ಲಿಂದ? ಆ ನಷ್ಟವನ್ನು ಯಾವ ಚಿಪ್ಪೂ ತುಂಬಿಕೊಡುವುದಿಲ್ಲ. ಆದರೂ ಕೇಳುತ್ತೇನೆ: ಕುದಾಪುರದ ಆ ತರಬೇತಿಯ ಒಂದು ಮಧ್ಯಾಹ್ನ ಮೊಳಕಾಲ್ಮೂರಿನ ನೇಕಾರರೊಬ್ಬರು, ಚಳ್ಳಕೆರೆಯ ಕಂಬಳಿ ನೇಯುವವರೊಬ್ಬರು ಪಾಠ ಹೇಳಲಿ. ಅತಿಥಿಗಳಾಗಿ ಹಾರ ಹಾಕಿಸಿಕೊಳ್ಳಲು ಕರೆಯುವುದು ಬೇಡ, ಮೇಷ್ಟರಾಗಿ ಕರೆಯಲಿ, ಸಂಭಾವನೆ ಕೊಟ್ಟು ಕರೆಯಲಿ.

ಮಕ್ಕಳೇ, ಈಗ ಮೇಜಿನ ಹತ್ತಿರ ಬನ್ನಿ. ತಟ್ಟೆಯಲ್ಲಿ ಗೋಂದು ತೆಗೆದ ರೇಷ್ಮೆ ನೂಲಿದೆ, ಪಕ್ಕದಲ್ಲಿ ಕಂಬಳಿಯಿಂದ ಬಿಡಿಸಿದ ಎಳೆ. ಸೆಂಟಿಮೀಟರಿಗೊಂದರಂತೆ ಗೆರೆ ಹಾಕಿದ್ದೇನೆ. ಎರಡರ ತುದಿಯನ್ನೂ ಕುಂಕುಮದ ಬಣ್ಣದ ನೀರಿಗೆ ಇಡುತ್ತೇನೆ. ಒಬ್ಬರು ಗಡಿಯಾರ ಹಿಡಿಯಿರಿ, ಒಬ್ಬರು ಬರೆದುಕೊಳ್ಳಿ. ರೇಷ್ಮೆಯಲ್ಲಿ ಬಣ್ಣ ಮೊದಲ ಗೆರೆ ಮುಟ್ಟಲು ಹಿಡಿದ ಹೊತ್ತಿನ ನಾಲ್ಕು ಪಟ್ಟು ಹೊತ್ತಿಗೆ ಎರಡನೇ ಗೆರೆ, ಒಂಬತ್ತು ಪಟ್ಟು ಹೊತ್ತಿಗೆ ಮೂರನೇ ಗೆರೆ ಬರಬೇಕು. ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ನಿಮ್ಮ ಮನೆಯಲ್ಲಿ ನೂಲು ಬಲ್ಲವರನ್ನು ಕೇಳಿ ಬಂದು ನನಗೆ ಹೇಳಿ.